ಅಳತೆಗೆ ಇಟ್ಟ ಸಾಬೂನು

ಮೊದಲಿಗೆ ಹೆಸರನ್ನೇ ಒಪ್ಪಲಿಲ್ಲ ಆ ಅರ್ಜಿ.
ಹತ್ತನೆಯ ಅಂಕಪಟ್ಟಿಯಲ್ಲಿ ಬಸಲಿಂಗವ್ವ,
ಪಿಯುಸಿಯಲ್ಲಿ ಯಾರೋ ತಿದ್ದಿ ಬಸಲಿಂಗಮ್ಮ,
ಪಾಸ್‌ಪೋರ್ಟಿನಲ್ಲಿ ಅವ್ವನ ಒಂದು ವ ಕಳೆದಿತ್ತು.
ಮೂವರೂ ಒಬ್ಬಳೇ ಎಂದು
ಮುಧೋಳದ ನೋಟರಿ ಛಾಪಾ ಕಾಗದಕ್ಕೆ
ಗುದ್ದಿದ ಮುದ್ರೆಗೆ ಮೇಜಿನ ಮೇಲಿನ ಚಹಾ ತುಳುಕಿತು.

ಆಮೇಲೆ ಐನೂರು ಪದ.
ನಿಮ್ಮ ಸಂಶೋಧನೆ ಜಗತ್ತಿಗೆ ಏಕೆ ಬೇಕು,
ಐನೂರು ಪದ, ಮೀರುವಂತಿಲ್ಲ.
ಲೋಕಾಪುರದ ಸುಣ್ಣಗಲ್ಲಿನೊಳಗೆ
ಎಲೆಕೋಸು ಕೊಯ್ದು ಇಟ್ಟಂಥ ಸುರುಳಿಗಳಿವೆ,
ಅವು ಒಂದು ಕಾಲದ ಕಡಲಿನ ಲೋಳೆ;
ಕಣ್ಣಿಗೆ ಕಾಣದ ಜೀವಗಳು ಬೆಳಕು ತಿಂದು, ಕೆಸರು ಹೊದ್ದು,
ಕೆಸರಿನ ಮೇಲೇರಿ ಮತ್ತೆ ಬೆಳಕು ತಿಂದು,
ಕೂದಲೆಳೆಯಷ್ಟು ಕೂದಲೆಳೆಯಷ್ಟು ಎತ್ತರವಾದವು.
ನೂರು ಕೋಟಿ ವರ್ಷದ ಮಾತು
ಐನೂರ ಹನ್ನೆರಡಕ್ಕೆ ನಿಂತಿತು.
ಹನ್ನೆರಡು ಪದ ಹುಡುಕಿ ಕೊಂದೆ.
'ಅತ್ಯಂತ' ಮೂರು ಕಡೆ ಇತ್ತು, 'ವಿನಮ್ರವಾಗಿ' ಒಂದು ಕಡೆ.
'ನಮ್ಮೂರು' ತೆಗೆದೆ, ಹಾಕಿದೆ, ತೆಗೆದೆ.
ಇಂಗ್ಲಿಷಿನಲ್ಲಿ ಅದು ಎರಡು ಪದ ತಿನ್ನುತ್ತದೆ.

ಶಿಫಾರಸು ಬರೆಯಬೇಕಾದವರು ಧಾರವಾಡದ ಮಮದಾಪುರ ಸರ್,
ನಿವೃತ್ತರು, ಒಂದೇ ಬೆರಳಲ್ಲಿ ಟೈಪು ಮಾಡುವವರು.
ಕೊನೆಯ ದಿನ ರಾತ್ರಿ ಹತ್ತಕ್ಕೆ ಫೋನು:
"ಪಾಸ್‌ವರ್ಡ್ ಕೇಳಾಕ ಹತ್ತೇತಿ ನೋಡವಾ,
ಯಾವುದರ ಪಾಸ್‌ವರ್ಡ್ ಅನ್ನೂದು ಹೇಳವಲ್ತು."
ಹನ್ನೊಂದೂ ಐವತ್ತಕ್ಕೆ ಹೋಯಿತಂತೆ.
ಏನು ಬರೆದರೋ.
ನಾನು ಕೇಳಿಲ್ಲ, ಅವರು ಹೇಳಿಲ್ಲ.

ಮೊದಲ ಜರಡಿ ದಾಟಿದ ಸುದ್ದಿ ಬಂದಾಗ
ಬಾಗಲಕೋಟೆಯ ಬಸ್ಸಿನಲ್ಲಿ ಒಂಟಿಗಾಲಲ್ಲಿದ್ದೆ,
ಇನ್ನೊಂದು ಕಾಲಿನ ಜಾಗದಲ್ಲಿ ಕಲಾದಗಿಯ ಯಾರದೋ ದಾಳಿಂಬೆ ಬುಟ್ಟಿ.
ಅತಿಥಿ ಉಪನ್ಯಾಸಕಿಯ ಐದು ತಿಂಗಳ ಸಂಬಳ ಬಾಕಿ.
ಕಂಡಕ್ಟರ್ ಹರಿದುಕೊಟ್ಟ ಸೊನ್ನೆ ರೂಪಾಯಿ ಟಿಕೇಟಿನ ಹಿಂದೆ
ಸಂದರ್ಶನದ ತಾರೀಖು ಬರೆದುಕೊಂಡೆ.

ಅಲ್ಲಿ ಮಧ್ಯಾಹ್ನ, ಇಲ್ಲಿ ಕರೆಂಟು ಹೋಗುವ ಹೊತ್ತು.
ಪರದೆಯಲ್ಲಿ ಮೂರು ಮುಖ. ನಡುವಿನ ಬೆಳ್ಳಿಗೂದಲಿನಾಕೆ
ನನ್ನ ಫೋಟೋ ಹಿಗ್ಗಿಸಿ ಕೇಳಿದಳು:
ಕಲ್ಲಿನ ಪಕ್ಕ ಅಳತೆಗೆಂದು ಇಟ್ಟಿದ್ದೀರಲ್ಲ,
ನೀಲಿಯದು, ಅದೇನು?

ಐಸೊಟೋಪುಗಳು ನಾಲಗೆ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು.
ಇದನ್ನು ಓದಿಕೊಂಡಿರಲಿಲ್ಲ.

ಸಾಬೂನು, ಅಂದೆ. ಅರಿವೆ ಒಗೆಯುವುದು.
ಅದು ನಮ್ಮ ಹಿತ್ತಲಿನ ಒಗೆಯುವ ಕಲ್ಲು.
ನಲವತ್ತು ವರ್ಷ ಅವ್ವ ತಿಕ್ಕಿ ತಿಕ್ಕಿ
ಆ ಸುರುಳಿ ಮೇಲೆ ಬಂತು.
ನಾನು ಗುರುತಿಸಿದೆ ಎಂದು ಬರೆದಿದ್ದೇನೆ,
ಬರೆಯಬಾರದಿತ್ತು.
ಅವತ್ತು ಸ್ಕೇಲು ಸಿಗಲಿಲ್ಲ. ಅವಳು ಕೈಯಲ್ಲಿದ್ದುದನ್ನು ಇಟ್ಟಳು.

ಬಲಗಡೆಯವನು ನಕ್ಕ. ಆಕೆ ನಗಲಿಲ್ಲ.
ಅದರ ಉದ್ದ ಎಷ್ಟು?
ಆ ದಿನ ಇದ್ದದ್ದು ಗೊತ್ತಿಲ್ಲ, ಅಂದೆ.
ಈಗ ಅದು ಇಲ್ಲ, ಕರಗಿದೆ.
ಅಷ್ಟರಲ್ಲಿ ಕರೆಂಟು ಹೋಯಿತು.
ಫೋನಿನ ನೆಟ್ ಹಿಡಿದು ಮರಳಿ ಬಂದಾಗ
ಅವರು ಧನ್ಯವಾದ ಹೇಳುತ್ತಿದ್ದರು,
ಆಗಲೇ ಅರ್ಧ ಹೇಳಿ ಮುಗಿಸಿದ್ದರು.

ಕಾಯ್ದಿರಿಸಿದ ಪಟ್ಟಿ. ಎರಡನೆಯ ಸ್ಥಾನ.
ಹಂಗಂದ್ರೇನು, ಅವ್ವ ಕೇಳಿದಳು.
ನಳದ ಮುಂದ ಪಾಳಿ ಇರತೈತಲ್ಲ,
ನನ್ನ ಕೊಡ ಎರಡನೇದು, ಅಂದೆ.
"ನಳಾನ ನಿಂತ್ರ?"
ನಿಂತ್ರ ನಿಂತಂಗ.
"ಮುಂದಿನಾಕಿ ಕೊಡ ತಗೊಂಡು ಹೋದ್ರ?"
ನಕ್ಕೆ. ಅವಳು ಲೆಕ್ಕ ಹಾಕುತ್ತಿದ್ದಳು,
ನಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಕೂಗಿದಳು.
ಬಕೆಟ್ಟಿನ ತುಂಬ ನನ್ನ ಕಾಲೇಜಿನ ಸೀರೆಗಳು.
ಕಲ್ಲಿನ ಮೇಲೆ ಕಾಗದ ಬಿಚ್ಚಿದ ಹೊಸ ಸಾಬೂನು.
"ಅಳತಿ ಪಟ್ಟಿ ತಗೊಂಡು ಬಾ.
ತೊಯ್ಯೂದರೊಳಗ ಬರಕೋ."